ಚೌಕವನ್ನು ಎಲ್ಲಿ ಇಡಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಮನೆಗಳ ಅನುಭವ. ಪಾತ್ರೆಯೊಳಗಿನ ಅನ್ನ ಹೆಚ್ಚುಕಡಿಮೆ ಒಂದೇ ಸಮನಾಗಿ ಬೇಯುವುದರಿಂದ ಈ ಮಾತು ನಿಜ. ಆದರೆ ಕಾಡು, ಕೆರೆ, ಹುಲ್ಲುಗಾವಲು ಹಾಗಲ್ಲ. ಹತ್ತು ಹೆಜ್ಜೆ ಇಟ್ಟರೆ ಮಣ್ಣು ಬೇರೆ, ನೆರಳು ಬೇರೆ. ಅಲ್ಲಿ ಯಾವ ಅಗುಳನ್ನು ಆರಿಸಬೇಕು? ಪರಿಸರ ವಿಜ್ಞಾನ ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ವಿದ್ಯಾರ್ಥಿಗಳು ತಿಳಿಯುವುದು ಅಗತ್ಯ.

ಈ ಇತಿಹಾಸದ ಮುಖ್ಯ ಅಧ್ಯಾಯವೊಂದನ್ನು ಬರೆದವರು ವಿದ್ಯಾರ್ಥಿಗಳೇ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಚಾರ್ಲ್ಸ್ ಬೆಸ್ಸಿಯವರ ಶಿಷ್ಯರಾಗಿದ್ದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ತಮ್ಮ ರಾಜ್ಯದ ಹುಲ್ಲುಗಾವಲುಗಳಲ್ಲಿ ಸುತ್ತಿ, ಯಾವ ಸಸ್ಯ ಎಷ್ಟಿದೆ ಎಂದು ಕಣ್ಣಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ನಂತರ 5 ಮೀಟರ್ ಬದಿಯ ಚೌಕಗಳನ್ನು ಗುರುತಿಸಿ, ಒಂದೊಂದೇ ಗಿಡವನ್ನು ಎಣಿಸಿದರು. ವರ್ಷಗಟ್ಟಲೆ ಪಳಗಿದ ಕಣ್ಣೂ ಮೋಸಹೋಗುತ್ತದೆ ಎಂಬುದು ಆಗ ತಿಳಿಯಿತು. ಎದ್ದು ಕಾಣುವ ಗಿಡವೇ ಹೆಚ್ಚು ಸಂಖ್ಯೆಯಲ್ಲಿರುವ ಗಿಡವಲ್ಲ. 1898ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಇದೇ ಪೌಂಡ್ ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದರು ಎಂಬುದು ಸ್ವಾರಸ್ಯಕರ ಸಂಗತಿ.

ಚೌಕವೇನೋ ಬಂತು. ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಉಳಿಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಶರ್, ಹೊಲದ ಪ್ರಯೋಗಗಳಿಗೆ ಇದರ ಉತ್ತರ ಕೊಟ್ಟರು: ಆಯ್ಕೆಯನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಮಾಡಬೇಕು, ಒಂದೇ ತುಂಡಿನಲ್ಲಿ ಅಲ್ಲ, ಹಲವು ತುಂಡುಗಳಲ್ಲಿ ಪ್ರಯೋಗ ನಡೆಯಬೇಕು. 1935ರಲ್ಲಿ ಪ್ರಯೋಗಗಳ ವಿನ್ಯಾಸ ಕುರಿತ ಅವರ ಗ್ರಂಥ ಹೊರಬಂದಿತು.

ಆದರೂ ತಪ್ಪು ನಿಲ್ಲಲಿಲ್ಲ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ವಿಜ್ಞಾನಿ, ಪ್ರಕಟವಾಗಿದ್ದ 176 ಪ್ರಾಯೋಗಿಕ ಅಧ್ಯಯನಗಳನ್ನು ಪರಿಶೀಲಿಸಿದರು. ಮಾದರಿಯಿಂದ ತೀರ್ಮಾನಕ್ಕೆ ಬರುವ ಸಂಖ್ಯಾಶಾಸ್ತ್ರವನ್ನು ಬಳಸಿದ್ದ ಅಧ್ಯಯನಗಳಲ್ಲಿ ಶೇ. 48ರಷ್ಟು ಒಂದೇ ದೋಷಕ್ಕೆ ಒಳಗಾಗಿದ್ದವು. ಅವರು ಅದನ್ನು ಹುಸಿ ಪುನರಾವರ್ತನೆ ಎಂದು ಕರೆದರು. ಉದಾಹರಣೆಗೆ, ಕೊಳಚೆ ಸೇರುವ ಒಂದು ಕೆರೆಯಿಂದ 20 ಬಾಟಲಿ, ಶುದ್ಧವಾದ ಒಂದು ಕೆರೆಯಿಂದ 20 ಬಾಟಲಿ ನೀರು ತಂದರೆ ನಮ್ಮಲ್ಲಿ 40 ಸಾಕ್ಷ್ಯಗಳಿವೆ ಎನ್ನಿಸುತ್ತದೆ. ವಾಸ್ತವವಾಗಿ ಹೋಲಿಸಿದ್ದು ಎರಡೇ ಕೆರೆಗಳನ್ನು. ವ್ಯತ್ಯಾಸಕ್ಕೆ ಕೊಳಚೆಯೇ ಕಾರಣವೋ, ಆಳವೋ, ಮಣ್ಣೋ ಎಂದು ಬಾಟಲಿಗಳು ಹೇಳಲಾರವು.

ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 1988ರಲ್ಲಿ 50 ಹೆಕ್ಟೇರಿನ ಶಾಶ್ವತ ಅಧ್ಯಯನ ಕ್ಷೇತ್ರವನ್ನು ಆರಂಭಿಸಿತು. ಅಲ್ಲಿ 1 ಸೆಂಟಿಮೀಟರ್ ದಪ್ಪದ ಕಾಂಡಕ್ಕೂ ಲೆಕ್ಕವಿದೆ. ಅಷ್ಟು ದೊಡ್ಡದಾದರೂ ಅದು ಒಂದೇ ತಾಣ. ಮಳೆ ಹೆಚ್ಚಿರುವ, ಕಡಿಮೆ ಇರುವ ಕಾಡುಗಳನ್ನು ಹೋಲಿಸಲು ಅದೇ ಕಾಡಿನ ಬೇರೆಬೇರೆ ಕಡೆ ಒಂದು ಹೆಕ್ಟೇರಿನ ಹಲವು ಕ್ಷೇತ್ರಗಳನ್ನೂ ಗುರುತಿಸಬೇಕಾಯಿತು.

ವಿದ್ಯಾರ್ಥಿ ಮಿತ್ರರೇ, ಪ್ರಾಜೆಕ್ಟಿಗೆ ಹೊರಡುವ ಮುನ್ನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ರಸ್ತೆಯ ಪಕ್ಕದ ಅನುಕೂಲದ ಜಾಗ ಬಿಟ್ಟು, ನಕ್ಷೆಗೆ ಗೆರೆ ಎಳೆದು ಚೀಟಿ ಎತ್ತಿ ಜಾಗ ಆರಿಸಿರಿ. ಎರಡೇ ಕೆರೆ ನೋಡಿದ್ದರೆ ಎರಡೇ ಕೆರೆ ಎಂದು ಬರೆಯಿರಿ. ನಾಳೆ ಒಂದು ಕೆರೆ ಉಳಿಯಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಿಮ್ಮ ಅಂಕಿಗಳನ್ನು ಯಾರಾದರೂ ಮುಂದಿಡಬಹುದು. ಆಗ ಅವು ಪ್ರಶ್ನೆಗಳನ್ನು ತಾಳಿಕೊಳ್ಳುವಂತಿರಬೇಕು.