ಒತ್ತಕ್ಷರದ ಎದುರು ಮನಶ್ಶಾಸ್ತ್ರ

ಮನಶ್ಶಾಸ್ತ್ರದ ಮೊದಲ ವರ್ಷದ ಪಠ್ಯದಲ್ಲಿ ಕಲಿಕೆ, ನೆನಪು, ಗ್ರಹಿಕೆ ಮೂರಕ್ಕೂ ಬೇರೆ ಬೇರೆ ಅಧ್ಯಾಯಗಳು. ಆದರೆ ಅನ್ನಪೂರ್ಣೇಶ್ವರಿ ನಗರದ ಯಾವ ಮನೆಯಲ್ಲಾದರೂ ಎರಡನೇ ತರಗತಿಯ ಮಗು ‘ಸೂರ್ಯ’ ಎಂದು ಓದಲು ತಡವರಿಸುವಾಗ ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ. ಅರ್ಕಾವೊತ್ತು ಕಣ್ಣಿಗೆ ಬೀಳುವುದು ‘ಯ’ ಆದಮೇಲೆ, ಬಾಯಲ್ಲಿ ಬರಬೇಕಾದದ್ದು ಅದಕ್ಕಿಂತ ಮೊದಲು. ಹಿಂದೆ ನೋಡಿದ್ದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳದೆ ಆ ಪದ ಉಚ್ಚಾರವಾಗದು.

ಈ ಶಾಸ್ತ್ರ ಬೆಳೆದದ್ದು ಬೇರೆ ಬಗೆಯ ಲಿಪಿಗಳ ನಾಡಿನಲ್ಲಿ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವಿನ ಗತಿಯನ್ನು ಅಳೆದು ಪ್ರಕಟಿಸಿದರು. ಅದಕ್ಕಾಗಿ ಅರ್ಥವಿಲ್ಲದ ಪದಗಳನ್ನು ತಾವೇ ಕಟ್ಟಿ, ತಾವೇ ಬಾಯಿಪಾಠ ಮಾಡಿದ್ದರು. ಎರಡು ವ್ಯಂಜನಗಳ ನಡುವೆ ಒಂದು ಸ್ವರವಿರುವ ಆ ಪದಗಳು ಸ್ವರದಲ್ಲೇ ಮುಗಿಯುವ ಕನ್ನಡದ ನುಡಿಗೆ ಒಗ್ಗುವಂಥವಲ್ಲ. ಥಾರ್ನ್‌ಡೈಕ್ ಅವರ ಬೆಕ್ಕು, ಪಾವ್ಲೋವ್ ಅವರ ನಾಯಿ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ನಮಗೆ ಹೆಚ್ಚು ಬೇಕಾದದ್ದು ಬಾರ್ಟ್‌ಲೆಟ್ ಅವರ 1932ರ ಕೃತಿ. ನೆನಪೆಂದರೆ ಇದ್ದದ್ದನ್ನು ಇದ್ದಂತೆ ತೆಗೆದುಕೊಡುವುದಲ್ಲ, ಅರ್ಥ ಹಿಡಿದು ಮತ್ತೆ ಕಟ್ಟುವುದು ಎಂದು ಅವರು ತೋರಿಸಿಕೊಟ್ಟರು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ವಿವರಿಸಿದ, ಕಂಡದ್ದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ‘ವರ್ಕಿಂಗ್ ಮೆಮೊರಿ’ಯೇ ‘ಸೂರ್ಯ’ ಓದುವ ಮಗುವಿಗೆ ಆಸರೆ.

ಕರ್ನಾಟಕದಲ್ಲಿ ಈ ವಿದ್ಯೆ ಬೇಗನೇ ಬೇರೂರಿತು. ಕಲ್ಕತ್ತಾದಲ್ಲಿ 1916ರಲ್ಲಿ ವಿಭಾಗ ತೆರೆದ ಮೇಲೆ, 1924ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದವರು ಅವರು. ಮನೆಯಲ್ಲೇ 1935ರಲ್ಲಿ ‘ಆಕಾಶವಾಣಿ’ ಬಾನುಲಿ ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಈಗ ನಮ್ಮ ಬಡಾವಣೆಯ ಮಗ್ಗುಲಲ್ಲೇ, ಜ್ಞಾನಭಾರತಿ ಆವರಣದಲ್ಲಿ, ಮನಶ್ಶಾಸ್ತ್ರ ವಿಭಾಗವಿದೆ.

ಇಷ್ಟಾದರೂ ಕನ್ನಡ ಓದುವ ಮಗುವೇ ಅಧ್ಯಯನದ ವಸ್ತುವಾಗಲು ದಶಕಗಳೇ ಬೇಕಾದವು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರತಿಭಾ ಕಾರಂತ್, ಕೆ.ಎಸ್. ಪ್ರೇಮಾ ಆ ದಾರಿ ತೆರೆದರು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಇಂಗ್ಲಿಷ್ ಮಕ್ಕಳನ್ನು ನೋಡಿದ ಸಂಶೋಧಕರು ಪದವನ್ನು ಬಿಡಿ ಧ್ವನಿಗಳಾಗಿ ಒಡೆಯಬಲ್ಲ ಅರಿವೇ ಓದಿನ ಬಾಗಿಲು ಎಂದಿದ್ದರು. ಕನ್ನಡದ ಮಕ್ಕಳಲ್ಲಿ ಆ ಅರಿವು ತಡವಾಗಿ ಮೂಡುತ್ತದೆ, ಅಕ್ಷರಜ್ಞಾನವೂ ಮೊದಲ ತರಗತಿಗಳನ್ನು ದಾಟಿ ಮುಂದುವರಿಯುತ್ತದೆ ಎಂದು ನಾಗ್ ಕಂಡರು. ಅಚ್ಚರಿಯೇನಿಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತದಲ್ಲೇ 442 ರೂಪಗಳು, ಒತ್ತಕ್ಷರಗಳು ಅದರ ಮೇಲೆ. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವನ್ನು ದಡ್ಡ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಗ್ರಹಿಕೆಯ ಕಡೆಯಿಂದ ಬೆಂಗಳೂರಿನದೇ ಇನ್ನೊಂದು ಉತ್ತರ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಆಕಾಶ್ ಅಗರವಾಲ್, ಕೆ.ವಿ.ಎಸ್. ಹರಿ, ಎಸ್.ಪಿ. ಅರುಣ್ 2019ರಲ್ಲಿ ತೆಲುಗು ಮತ್ತು ಮಲಯಾಳಂ ಓದುಗರನ್ನು ಹೋಲಿಸಿದರು. ಓದಲು ಬರುವ ಲಿಪಿಯಲ್ಲಿ ಅಕ್ಕಪಕ್ಕದ ಅಕ್ಷರಗಳು ಒಂದನ್ನೊಂದು ಕಲಕುವುದು ಕಡಿಮೆ, ಹಾಗಾಗಿ ಜೋಡಿಯನ್ನು ಬಿಡಿಭಾಗಗಳಿಂದಲೇ ಗುರುತಿಸಲು ಸುಲಭ. ಅಂದರೆ ಓದು ಕಲಿಯುವುದರಿಂದ ನೋಟವೇ ಬದಲಾಗುತ್ತದೆ. ತೆಲುಗಿಗೆ ಅಷ್ಟು ಹತ್ತಿರದ ನಮ್ಮ ಲಿಪಿಯಲ್ಲೂ, ಎಲ್‌ಕೆಜಿಯಿಂದಲೇ ಇಂಗ್ಲಿಷನ್ನೂ ಕನ್ನಡವನ್ನೂ ಜೊತೆಯಾಗಿ ಕಲಿಯುವ ನಾಗರಭಾವಿ, ವಿಜಯನಗರದ ಮಕ್ಕಳೊಂದಿಗೆ ಇದೇ ಪ್ರಯೋಗ ನಡೆಯಬೇಕು.