ಸ್ನಾನಗೃಹದ ಸೆರೆಮನೆ

ಜರ್ಮನಿಯ ಹ್ಯಾನೋವರ್ ನಗರದ ಪಶ್ಚಿಮಕ್ಕೆ ಬಾಡ್ ನೆನ್‌ಡೋರ್ಫ್ ಎಂಬ ಸಣ್ಣ ಊರಿದೆ. ‘ಬಾಡ್’ ಎಂದರೆ ಆ ನುಡಿಯಲ್ಲಿ ಸ್ನಾನವೆಂದರ್ಥ. ಅಲ್ಲಿಯ ಗಂಧಕದ ನೀರಿನಲ್ಲಿ ಮಿಂದು ಮೈನೋವು ಕಳೆದುಕೊಳ್ಳಲು ಜನರು ಬಹುಕಾಲದಿಂದ ಬರುತ್ತಿದ್ದರು. ಆದರೆ ಇತಿಹಾಸವು ಆ ಊರನ್ನು ನೆನೆಯುವುದು ಬೇರೊಂದು ಕಾರಣಕ್ಕಾಗಿ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಈ ಊರು ಬ್ರಿಟಿಷರ ವಲಯಕ್ಕೆ ಸೇರಿತು. ಜೂನ್‌ನಲ್ಲಿ ಅವರ ಸೈನ್ಯವು ಇಲ್ಲಿಯ ವಿಂಕ್ಲರ್ ಸ್ನಾನಗೃಹದಲ್ಲಿ ಗುಪ್ತ ವಿಚಾರಣಾ ಕೇಂದ್ರವೊಂದನ್ನು ತೆರೆಯಿತು. ಮೀಯುವ ಕೋಣೆಗಳೇ ಸೆರೆಕೋಣೆಗಳಾದವು. ಎರಡು ವರ್ಷಗಳಲ್ಲಿ 372 ಗಂಡಸರೂ 44 ಹೆಂಗಸರೂ ಅಲ್ಲಿ ಬಂದಿಗಳಾಗಿದ್ದರು. ಮೊದಮೊದಲು ಬಂದವರಲ್ಲಿ ನಾಜಿಗಳೇ ಹೆಚ್ಚು. ಬರಬರುತ್ತ ಸೋವಿಯತ್ ರಷ್ಯದ ಗೂಢಚಾರರೆಂಬ ಸಂಶಯಕ್ಕೆ ಗುರಿಯಾದವರೂ ಸೇರಿದರು.

ಕೇಂದ್ರದ ಮುಖ್ಯಾಧಿಕಾರಿ ಲೆಫ್ಟಿನೆಂಟ್ ಕರ್ನಲ್ ರಾಬಿನ್ ಸ್ಟೀಫನ್ಸ್. ಯುದ್ಧಕಾಲದಲ್ಲಿ ಲಂಡನ್ನಿನ ಬಳಿ ಶತ್ರುಗಳ ಗೂಢಚಾರರನ್ನು ವಿಚಾರಿಸಿ ಹೆಸರಾದವನು. ಕೈದಿಯನ್ನು ಹೊಡೆಯಕೂಡದು, ಪೆಟ್ಟು ತಿಂದವನು ಹೊಡೆಯುವವನಿಗೆ ಬೇಕಾದುದನ್ನು ಹೇಳುತ್ತಾನೆಯೇ ಹೊರತು ನಿಜವನ್ನಲ್ಲ ಎಂಬುದು ಅವನೇ ಬರೆದಿಟ್ಟ ನಿಯಮ.

ಆ ನಿಯಮ ಕಾಗದದ ಮೇಲೆಯೇ ಉಳಿಯಿತು. ಕೈದಿಗಳು ಕೊಟ್ಟ ಹೇಳಿಕೆಗಳನ್ನು ಓದಿದರೆ ಮನಸ್ಸು ಕಲಕುತ್ತದೆ. ಹೊಟ್ಟೆಗೆ ಸಾಲದ ಊಟ, ಒಲೆಯಿಲ್ಲದ ಕೋಣೆ, ಮೈಮೇಲೆ ಸುರಿಯುವ ತಣ್ಣೀರು, ನಿದ್ದೆಗೆ ಅವಕಾಶವಿಲ್ಲದ ರಾತ್ರಿಗಳು, ಹೊಡೆತ. ನಾಜಿಗಳ ಗುಪ್ತ ಪೊಲೀಸರ ಸೆರೆಯಲ್ಲಿ ಎರಡು ವರ್ಷ ಕಳೆದಿದ್ದ ಒಬ್ಬನಂತೂ, ಅಲ್ಲಿಯೂ ಇಂತಹ ಪಾಡು ಪಡಲಿಲ್ಲವೆಂದು ಹೇಳಿದ.

1947ರ ಮೊದಲ ತಿಂಗಳುಗಳ ಚಳಿ ಭೀಕರವಾಗಿತ್ತು. ಆಗ ಕೆಲವು ಕೈದಿಗಳನ್ನು ರೋಟೆನ್‌ಬುರ್ಗ್‌ನ ಆಸ್ಪತ್ರೆಗೆ ಸಾಗಿಸಿದರು. ಎಲುಬಿನ ಗೂಡಾಗಿದ್ದ ಆ ಮೈಗಳನ್ನು ಕಂಡು ಅಲ್ಲಿಯವರು ಬೆಚ್ಚಿದರು. ಇಬ್ಬರು ಸತ್ತರು. ದೂರು ಮೇಲಿನವರನ್ನು ಮುಟ್ಟಿತು. ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರ್ ಟಾಮ್ ಹೇವರ್ಡ್ ತನಿಖೆಗೆ ಬಂದರು. ಜುಲೈನಲ್ಲಿ ಕೇಂದ್ರವನ್ನು ಮುಚ್ಚಲಾಯಿತು.

ತಮ್ಮವರ ತಪ್ಪನ್ನು ತಾವೇ ವಿಚಾರಿಸಿದ್ದು ಬ್ರಿಟನ್ನಿಗೆ ಸಲ್ಲತಕ್ಕ ಗೌರವ. ಆದರೆ ಫಲವೇನು? 1948ರ ಸೈನಿಕ ನ್ಯಾಯಾಲಯಗಳಲ್ಲಿ ಕೇಂದ್ರದ ವೈದ್ಯಾಧಿಕಾರಿ ಮಾತ್ರ ನಿರ್ಲಕ್ಷ್ಯಕ್ಕಾಗಿ ಕೆಲಸ ಕಳೆದುಕೊಂಡ. ಸ್ಟೀಫನ್ಸನ ವಿಚಾರಣೆ ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ ನಡೆದು, ಅವನು ನಿರ್ದೋಷಿಯೆಂದು ಬಿಡುಗಡೆಯಾದ. ತನಿಖೆಯ ಕಡತಗಳು ಜನರ ಕಣ್ಣಿಗೆ ಬಿದ್ದದ್ದು 2005ರಲ್ಲಿ.

ಇದೇ ಅವಧಿಯಲ್ಲಿ, 1945-46ರಲ್ಲಿ, ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ಜಗತ್ತಿನ ಎದುರಿಗೆ ನಡೆದಿತ್ತೆಂಬುದನ್ನು ಮರೆಯಬಾರದು. ನಾಜಿಗಳ ಪಾತಕದ ರಾಶಿಗೂ ಈ ಸ್ನಾನಗೃಹದ ಕ್ರೌರ್ಯಕ್ಕೂ ಹೋಲಿಕೆಯಿಲ್ಲ. ಅವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೆ ಗೆದ್ದವನು ಒಳ್ಳೆಯ ಪಕ್ಷದವನಾಗಿದ್ದರೆ ಸಾಲದು, ಒಳ್ಳೆಯ ನಿಯಮವನ್ನು ಬಲ್ಲವನಾಗಿದ್ದರೂ ಸಾಲದು. ಯಾರೂ ನೋಡದ ಕೋಣೆಯಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಬಾಗಿಲು ತೆರೆದಿರಬೇಕು, ಹೊರಗಿನ ಕಣ್ಣೊಂದು ಒಳಗೆ ಇಣುಕುತ್ತಿರಬೇಕು. ಸೆರೆಯಾಳಿಗೆ ಇರುವ ರಕ್ಷೆ ಅದೊಂದೇ.