ಆಲ್ಬಂಗೆ ಸಿಗದ ಶ್ರುತಿ

2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಸಂಕಲನ ಆಲ್ಬಂ ಹೊರಬಂದ ಮೇಲೆ ಭಾರತದ ಎಲೆಕ್ಟ್ರಾನಿಕ್ ಸಂಗೀತಕ್ಕೆ ಒಂದು ಜಾತಕ ಸಿಕ್ಕಂತಾಯಿತು. ಅಮೆರಿಕದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್ ಮೊದಲಾದವರು 1972ರವರೆಗೆ ಅದರಲ್ಲಿ ನುಡಿಸಿ ಟೇಪಿಗಿಳಿಸಿದ್ದನ್ನು ಬ್ರಿಟನ್ನಿನ ಪಾಲ್ ಪರ್ಗಾಸ್ ಹುಡುಕಿ ತೆಗೆದು ಸಂಕಲಿಸಿದರು. ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೆ ವಿದ್ಯುತ್ತಿನ ನಾದ ನಮ್ಮಲ್ಲಿಗೆ ಮೂರು ವರ್ಷದ ಮಟ್ಟಿಗೆ ಬಂದು, ಒಂದು ಸಂಸ್ಥೆಯ ಗೋಡೆಗಳೊಳಗೆ ಸುಳಿದಾಡಿ ಹೋಯಿತು ಎಂಬ ತೀರ್ಮಾನಕ್ಕೆ ಕೇಳುಗ ಬಂದರೆ ಅದು ತಪ್ಪು. ಆಲ್ಬಂ ಮಾಡಲು ಟೇಪ್ ಬೇಕು, ಟೇಪಿನಲ್ಲಿ ‘ಕೃತಿ’ ಇರಬೇಕು. ಕೃತಿಯಾಗದೆ ಬರಿಯ ಬಳಕೆಯಾಗಿ ಉಳಿದ ನಾದ ಈ ಲೆಕ್ಕಕ್ಕೇ ಬರುವುದಿಲ್ಲ.

ಅಂಥ ನಾದದ ಚರಿತ್ರೆಗೆ ಹಾಸನ ಜಿಲ್ಲೆಯನ್ನೇ ನೋಡಬಹುದು. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದಲ್ಲಿ ರುದ್ರಪಟ್ಟಣ. ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ ಈ ಸಂಕೇತಿಗಳ ಊರು ಸಂಗೀತಗಾರರನ್ನು ಕೊಡುತ್ತಲೇ ಬಂದಿದೆ. ಆರ್.ಕೆ. ಪದ್ಮನಾಭ ಅಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನಮಂದಿರದ ಆಕಾರವೇ ತಂಬೂರಿಯದು. ಇಷ್ಟು ಪೂಜ್ಯವಾದ ವಾದ್ಯಕ್ಕೇ ಬೆಂಗಳೂರಿನಲ್ಲಿ, 1979ರಲ್ಲಿ, ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ರೂಪ ಕೊಟ್ಟರು. ಅವರ ರೇಡೆಲ್ ಕಂಪನಿಯ ಪೆಟ್ಟಿಗೆಗಳು ಕಛೇರಿಯ ವೇದಿಕೆ, ಪಾಠದ ಮನೆಗಳನ್ನು ಸೇರಿದವು. ತಿರುಗಣೆ ತಿರುಗಿಸಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ಮೀಟಿನ ವೇಗಕ್ಕೆ ಇನ್ನೊಂದು ತಿರುಗಣೆ. ಪ ಸ ಸ ಸ ಎಂದು ನಾಲ್ಕು ತಂತಿಯ ಸುತ್ತು, ಬೆರಳೇ ಇಲ್ಲದೆ. ಅಹಮದಾಬಾದಿನ ಯಂತ್ರ ಹೊಸ ಕಿವಿಯನ್ನು ಕೇಳಿತ್ತು. ಇದು ಹಳೆಯ ಕಿವಿಗೇ ಸೇವೆ ಸಲ್ಲಿಸಿತು, ಹಾಗಾಗಿಯೇ ಊರೂರಿಗೆ ಹೋಯಿತು.

ಇದು ಬರಿಯ ಅನುಕರಣೆ, ಎಲೆಕ್ಟ್ರಾನಿಕ್ ಸಂಗೀತ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ತಂಬೂರಿಯ ಜೀವವೆಲ್ಲ ಕುದುರೆಯ ಮೇಲೆ ತಂತಿಯ ಕೆಳಗೆ ಸರಿಸುವ ಜೀವಾಳಿಯ ಎಳೆಯಲ್ಲಿದೆ. ಆ ದಾರ ಕೂದಲೆಳೆಯಷ್ಟು ಅತ್ತಿತ್ತ ಸರಿದರೆ ಝೇಂಕಾರ ಬದಲಾಗುತ್ತದೆ. ಅದನ್ನು ಸರ್ಕ್ಯೂಟಿನಲ್ಲಿ ಹುಟ್ಟಿಸಲು ಹೊರಟವರು ಯಾವ ಸ್ವಯಂಭೂ ಸ್ವರ ಕೇಳಿಸಬೇಕು, ಯಾವುದು ಮರೆಯಾಗಬೇಕು ಎಂದು ನಿರ್ಧರಿಸಲೇಬೇಕಾಯಿತು. ಆ ನಿರ್ಧಾರ ಸಂಗೀತದ್ದೇ. ಅಲ್ಲದೆ ದಣಿಯದ, ಒಂದು ಮೀಟಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಆಧಾರಶ್ರುತಿಯನ್ನು ಕೈಯಿಂದ ಮೀಟಿದ ತಂಬೂರಿ ಕೊಡಲಾರದು. 1976ರಲ್ಲಿ ಲಂಡನ್ನಿನ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಿಕೆ ಸಂಸ್ಥೆ ಕಾರ್ಖಾನೆಯ ಹೆಸರನ್ನೇ ಒಂದು ಸಂಗೀತ ಪ್ರಕಾರಕ್ಕೆ ಅಂಟಿಸಿತು; ಮೂರೇ ವರ್ಷದ ಮೇಲೆ ಬೆಂಗಳೂರು ನಿಜವಾಗಿಯೂ ಕಾರ್ಖಾನೆಯಲ್ಲಿ ತಯಾರಾಗುವ ನಾದವನ್ನು ಕೊಟ್ಟಿತು, ಯಾವ ಘೋಷಣೆಯೂ ಇಲ್ಲದೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಗುರುವಿನ ಹಿಂದೆ ಕೂತು ಗಂಟೆಗಟ್ಟಲೆ ತಂಬೂರಿ ಮೀಟುವುದೇ ಶಿಷ್ಯನಿಗೆ ಪಾಠವಾಗಿತ್ತು. ಪೆಟ್ಟಿಗೆ ಆ ಜಾಗವನ್ನು ಕಿತ್ತುಕೊಂಡಿತು. ಈ ನಷ್ಟವನ್ನು ಒಪ್ಪಲೇಬೇಕು. ಆದರೆ ಕಿವಿಯ ಹೆಸರಿನಲ್ಲಿ ವಾದ್ಯಕ್ಕೆ ಬಾಗಿಲು ಹಾಕಿದ್ದರ ಫಲವನ್ನೂ ನಾವು ನೋಡಿದ್ದೇವೆ: ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, ಮೂರು ದಶಕ ಕಳೆದ ಮೇಲೆ 1971ರಲ್ಲಿ ಅದನ್ನು ಸಡಿಲಿಸಿತು. ಅಷ್ಟರಲ್ಲಿ ಹಾರ್ಮೋನಿಯಂ ನಾಟಕದ ರಂಗದಲ್ಲೂ ಭಜನೆಯ ಚಾವಡಿಯಲ್ಲೂ ತನ್ನ ಪಾಡಿಗೆ ಬೆಳೆದಿತ್ತು. ತಂಬೂರಿ ಪೆಟ್ಟಿಗೆಯನ್ನು ಯಾರೂ ನಿಷೇಧಿಸಲಿಲ್ಲ, ಹಾಗೆಂದು ಚರಿತ್ರೆಗೆ ಸೇರಿಸಿಕೊಳ್ಳಲೂ ಇಲ್ಲ. ಮನೆಯಲ್ಲಿ ತಂಬೂರಿಯಾಗಲಿ ಅದನ್ನು ಶ್ರುತಿಮಾಡುವವರಾಗಲಿ ಇಲ್ಲದ ಮಗುವಿಗೆ ಸ್ಥಿರವಾದ ಷಡ್ಜವೊಂದು ಸಿಕ್ಕಿದ್ದು ಇದರಿಂದಲೇ; ಕಳೆದುಹೋದ ಪಾಠವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಗೆ ಇದನ್ನೂ ಹಾಕಬೇಕಾಗುತ್ತದೆ.